‘ಇಲ್ಲೆ’ ಅಂದರೂ ಕೂತವಳು

ಇಂಗಿನ ಒಗ್ಗರಣೆಯ ಪರಿಮಳವೂ ಇಟಲಿಯ ಫೋನೂ ಇವತ್ತು ಮಧ್ಯಾಹ್ನ ಒಟ್ಟಿಗೇ ಬಂದವು. ನಾನು ಸಿದ್ದಾಪುರದ ಕಾನ್ವೆಂಟಿನಿಂದ ತ್ಯಾಗಲಿಯ ಭಾಗೀರಥಕ್ಕನ ಮನೆಗೆ ಊಟಕ್ಕೆ ಬಂದು ಜಗಲಿಯಲ್ಲಿ ಕೂತಿದ್ದೆ. ಬಲಗೈಯಲ್ಲಿ ಅಪ್ಪೆಹುಳಿಯ ಲೋಟ, ಎಡಗೈಯಲ್ಲಿ ಮೊಬೈಲು. ಫೋನ್ ಮಾಡಿದವರು ನಮ್ಮ ಸಿಸ್ಟರುಗಳ ಮೇಲಿನ ಮದರ್. ಅವರು ಕೇಳಿದ್ದು ಇಷ್ಟೇ: ನಿಮಗೆ ವಯಸ್ಸಾಯಿತು, ನಿಮ್ಮ ಹುಟ್ಟೂರಿನಲ್ಲಿ ಮುದಿ ಸಿಸ್ಟರುಗಳ ಮನೆಯಲ್ಲೊಂದು ಕೋಣೆ ಖಾಲಿಯಾಗಿದೆ, ಬರುತ್ತೀರೋ ಇಲ್ಲವೋ ಇವತ್ತೇ ಹೇಳಿ, ಬೇಡವೆಂದರೆ ಮತ್ತೆ ಸಿಗುವುದಿಲ್ಲ. ಊಟ ಮುಗಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಆಯುಷ್ಯದ ಪ್ರಶ್ನೆಗೂ ಊಟದ ನೆಪ ಹೇಳುವ ಚಾಳಿ ನನಗೆ ಈ ಸೀಮೆಯಲ್ಲೇ ಅಂಟಿದ್ದು.

ನೋಡಿ, ನಾನು ಇಲ್ಲಿಗೆ ಬಂದದ್ದು ರೋಗಿಗಳ ಆರೈಕೆಗೆ. ಸಾಧ್ಯವಾದರೆ ಯೇಸುವಿನ ಮಾತನ್ನು ನಾಲ್ಕು ಜನರ ಕಿವಿಗೆ ಹಾಕುವುದಕ್ಕೆ. ಧಾರವಾಡದ ಮೇಷ್ಟ್ರೊಬ್ಬರು ಪುಸ್ತಕದ ಕನ್ನಡ ಕಲಿಸಿ ಕಳಿಸಿದ್ದರು. ‘ಇಲ್ಲಿ’ ಅಂದರೆ ಈ ಜಾಗ, ‘ಇಲ್ಲೇ’ ಅಂದರೆ ಖಂಡಿತವಾಗಿ ಈ ಜಾಗ. ಆ ಧೈರ್ಯದ ಮೇಲೆ ಇದೇ ಮನೆಗೆ ಬಾಣಂತಿಯೊಬ್ಬಳನ್ನು ನೋಡಲು ಬಂದೆ. ಬಾಗಿಲಿಗೆ ಬಂದವಳು ಆಗಿನ್ನೂ ಹರೆಯದ ಭಾಗೀರಥಕ್ಕ. ಬಾಣಂತಿ ಇದ್ದಾರಾ ಎಂದು ಕೇಳಿದೆ. “ಇಲ್ಲೆ” ಅಂದಳು.

ಇಲ್ಲಿನವರ ಮನೆಮಾತಿನಲ್ಲಿ ‘ಇಲ್ಲೆ’ ಅಂದರೆ ‘ಇಲ್ಲ’ ಎಂದು ಮೇಷ್ಟ್ರು ಹೇಳಿರಲಿಲ್ಲ. ಸಂತೋಷದಿಂದ ಕೂತೆ. ಅವಳು ಸ್ವಲ್ಪ ಹೊತ್ತು ಬಿಟ್ಟು ಬಂದು ಇನ್ನೂ ಜೋರಾಗಿ ‘ಇಲ್ಲೆ, ಇಲ್ಲೆ’ ಅಂದಳು. ನಾನು ಇನ್ನೂ ಗಟ್ಟಿಯಾಗಿ ಕೂತೆ. ಬಿಸಿಲಿಗೆ ಬಿಳಿ ಹೆಂಗಸಿನ ತಲೆ ಕೆಟ್ಟಿರಬೇಕೆಂದು ಅಪ್ಪೆಹುಳಿ ತಂದಿಟ್ಟಳು. ಮಾವಿನಕಾಯಿಯ ಆ ತಿಳಿಹುಳಿ ಕುಡಿದರೆ ಎಂಥವರಿಗೂ ನಿದ್ದೆ. ದೇವರ ಕೆಲಸಕ್ಕೆ ಬಂದವಳು ಜಗಲಿಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆದೆ. ಎದ್ದಾಗ ಅರ್ಧ ಊರು ಅಂಗಳದಲ್ಲಿತ್ತು. ಬಾಣಂತಿ ಹಿಂದಿನ ವಾರವೇ ಯಲ್ಲಾಪುರದ ಗಂಡನ ಮನೆ ಸೇರಿದ್ದಳು.

ಆಮೇಲೆ ನನ್ನ ಪರಿಚಯವನ್ನು ನಾನು ಎಲ್ಲೂ ಹೇಳಿಕೊಳ್ಳಬೇಕಾಗಲಿಲ್ಲ. ಕಾನ್ವೆಂಟಿನ ದವಾಖಾನೆಗೆ ಬಂದವರೆಲ್ಲ ಮೊದಲು ನನ್ನ ನಿದ್ದೆ ವಿಚಾರಿಸಿ ಆಮೇಲೆ ತಮ್ಮ ಜ್ವರದ ಸುದ್ದಿ ತೆಗೆಯುತ್ತಿದ್ದರು. ನಾನು ‘ಸಿಸ್ಟರಕ್ಕ’ ಆದೆ. ಭಾಗೀರಥಕ್ಕ ಎಡಗೈ ಯಾವುದಕ್ಕೆ, ಎಂಜಲು ಅಂದರೇನು ಎಂದು ಬೈದು ಬೈದು ಕಲಿಸಿದಳು. ಬದಲಿಗೆ ನಾನು ಯೇಸುವಿನ ಕತೆ ಹೇಳುತ್ತಿದ್ದೆ. “ಪಾಪ, ಅವನ ಆಯಿ ಎಷ್ಟು ಅತ್ತಿಕ್ಕು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎದ್ದು ಹೋಗಿ ತನ್ನ ದೇವರಿಗೆ ದೀಪ ಹಚ್ಚುತ್ತಿದ್ದಳು.

ಒಮ್ಮೆ ರಜೆಗೆಂದು ಇಟಲಿಗೆ ಹೋದಾಗ ನನ್ನ ತಂಗಿ ಪ್ರೀತಿಯಿಂದ ಮೀನು ಬಡಿಸಿದಳು. ಭಾಗೀರಥಕ್ಕನ ಮನೆಯ ಸಸ್ಯಾಹಾರಕ್ಕೆ ಒಗ್ಗಿಹೋಗಿದ್ದ ನಾನು ಮೂಗು ಮುಚ್ಚಿಕೊಂಡೆ. ಸಾಲದ್ದಕ್ಕೆ, ಎಡಗೈಯಲ್ಲಿ ಬ್ರೆಡ್ಡು ಕೊಟ್ಟಳೆಂದು ಬೈದೆ. ಅಲ್ಲಿಗೆ ಹೋಗಿ ನೀನು ಯಾರನ್ನು ಬದಲಾಯಿಸಿದೆ ಎಂದು ಅವಳು ನಕ್ಕಳು. ನಾನೂ ನಕ್ಕೆ, ಆದರೆ ಚುಚ್ಚಿತು. ಒಬ್ಬರನ್ನೂ ನನ್ನ ದೇವರ ಕಡೆಗೆ ಕರೆತರದ ನಾನು ಇಷ್ಟು ವರ್ಷ ಮಾಡಿದ್ದೇನು ಎಂಬ ಸಂಕಟ ಇವತ್ತಿಗೂ ಇದೆ. ಪ್ರಾರ್ಥನೆಯಲ್ಲಿ ಕೇಳಿದರೆ ದೇವರು ಉತ್ತರ ಕೊಡುವುದಿಲ್ಲ. ಅವನಿಗೂ ಯಾರೋ ಅಪ್ಪೆಹುಳಿ ಕುಡಿಸಿರಬೇಕು.

ಊಟವಾದ ಮೇಲೆ ಭಾಗೀರಥಕ್ಕನಿಗೆ ಕೋಣೆಯ ವಿಷಯ ಹೇಳಿದೆ. ಹೋಗಬೇಡ ಎನ್ನುತ್ತಾಳೆಂದು ಕಾದೆ. ಅವಳು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಕವಳ ಹಾಕಿಕೊಂಡು ಕೇಳಿದಳು:

“ಅಲ್ಲಿ ನಿಂಗೆ ಬೈಯಲೆ ಯಾರಿದ್ದ?”

ಯೋಚಿಸಿದೆ. ಅಪ್ಪ ಅಮ್ಮ ಎಂದೋ ಹೋದರು, ತಂಗಿಯೂ ಹೋದಳು. ಆ ಮುದಿ ಸಿಸ್ಟರುಗಳ ಮನೆಯಲ್ಲಿ ಎಲ್ಲರೂ ನನ್ನ ಜೊತೆ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ಬೈಯುವಷ್ಟು ಹತ್ತಿರದವರು ಒಬ್ಬರೂ ಇಲ್ಲ.

ಇಟಲಿಯ ಮಾತಿನಲ್ಲಿ ವಿನಯದ ವಾಕ್ಯವೊಂದನ್ನು ಜೋಡಿಸಿಕೊಂಡು ಫೋನ್ ಮಾಡಿದೆ. ಏನು ತೀರ್ಮಾನ ಎಂದು ಮದರ್ ಕೇಳಿದ್ದೇ ತಡ, ನನ್ನ ಬಾಯಿಂದ ಬಂದದ್ದು, “ಆನು ಬತ್ನಿಲ್ಲೆ.”

ಮದರ್‌ಗೆ ತಿಳಿಯಲಿಲ್ಲ. ನಾನು ಬರುವುದಿಲ್ಲ ಎಂದು ಅವರ ಮಾತಿನಲ್ಲಿ ಹೇಳಲು ಹೋದರೆ ಮತ್ತೆ ಅದೇ ‘ಬತ್ನಿಲ್ಲೆ’ ಬಂತು. ಅಷ್ಟರಲ್ಲಿ ಭಾಗೀರಥಕ್ಕ ಫೋನ್ ಕಸಿದುಕೊಂಡು, ಕನ್ನಡದ ಗಂಧವೇ ಇಲ್ಲದ ನನ್ನ ಮೇಲಧಿಕಾರಿಗೆ ಸಾವಕಾಶವಾಗಿ ತಿಳಿಹೇಳಿದಳು:

“ಇದಕ್ಕೆ ವಯಸ್ಸಾತು. ಇನ್ನು ಆನು ನೋಡ್ಕತ್ತೆ. ಕೋಣೆ ಬೇರೆಯವಕ್ಕೆ ಕೊಡಿ.”

ಫೋನ್ ನನ್ನ ಕೈಗೆ ವಾಪಸು ಬಂತು. ಈಗ ಮಾತಾಡಿದ್ದು ಯಾರು ಎಂದು ಮದರ್ ಗಾಬರಿಯಿಂದ ಕೇಳುತ್ತಿದ್ದರು. ಈ ಸಲ ಇಟಲಿಯ ಮಾತು ತಡವರಿಸದೆ ಬಂತು.

ನಮ್ಮಕ್ಕ, ಎಂದೆ.