ಹುಳ ಹಣ್ಣಾದ ದಿನದ ಕೀಲುಕುದುರೆ

ನಲವತ್ತು ಸೇರು ರಾಗಿ, ಒಂದು ಪಂಚೆ. ಕೀಲುಕುದುರೆಯ ರಾಜ ರಾಣಿಯರನ್ನು ಸಾದಲಿಯ ಬೀದಿಯಲ್ಲಿ ಒಂದು ಹಗಲು ಕುಣಿಸಲು ನನಗೆ ತಗುಲಿದ್ದು ಅಷ್ಟೇ. ಚಿಂತಾಮಣಿ ಕಡೆಯ ವೆಂಕಟಪ್ಪ, ಅವನ ಹೆಂಡತಿ ಗಂಗಮ್ಮ ಕೇಳಿದ್ದು ಅರವತ್ತು ಸೇರು, ಮೇಲೊಂದು ಸೀರೆ. ಬೇರೆ ಯಾವ ಊರಿನವರೂ ಕರೆಯದಿದ್ದ ಮಂಗಳವಾರವೊಂದನ್ನು ಹುಡುಕಿ ಹಿಡಿದು ನಾನು ಅವರ ಬೆಲೆ ಇಳಿಸಿದೆ. ತಲೆಯ ಮೇಲೆ ಗೂಡಿನ ಕುಕ್ಕೆ ಹೊತ್ತು ಶಿಡ್ಲಘಟ್ಟಕ್ಕೆ ನಡೆಯುತ್ತಿದ್ದವನು ಅಲ್ಲೇ ರೇಷ್ಮೆಗೂಡಿನ ವ್ಯಾಪಾರಿ ಎನಿಸಿಕೊಂಡಿದ್ದು ಇಂಥ ಚೌಕಾಸಿಯಿಂದಲೇ. ಆ ದಿನ ಬಂಡಿಯಲ್ಲಿ ಕೂತು ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಯಾಕೆ ಈ ಕುಣಿತ ಅನ್ನುತ್ತೀರಿ. ಪಕ್ಕದ ಹಳ್ಳಿಗೆ ಸಿಡುಬು ಬಂದಿತ್ತು. ಅದು ಬಾರದಂತೆ ತೋಳಿಗೆ ದಾಕು ಚುಚ್ಚುವವರು ಊರಿಗೆ ಬಂದರೆ ಜನ ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ತೋಟಕ್ಕೆ ಜಾರಿಬಿಡುತ್ತಿದ್ದರು. ಸಾದಲಿಯಲ್ಲಿ ನನ್ನ ತಂಗಿ ಮುನಿಯಮ್ಮನ ಎಂಟು ತಿಂಗಳ ಕೂಸಿಗೂ ದಾಕು ಬಿದ್ದಿರಲಿಲ್ಲ. ಸರ್ಕಾರದ ಡಂಗುರಕ್ಕೆ ಮುಚ್ಚುವ ಬಾಗಿಲು ತಮಟೆಯ ಸದ್ದಿಗೆ ತೆರೆಯುತ್ತದೆ. ಹತ್ತು ಜನ ಒಟ್ಟಿಗೆ ನಕ್ಕ ಕಡೆ ಹೆದರಿಕೆ ಅರ್ಧ ಇಳಿದಿರುತ್ತದೆ, ಉಳಿದರ್ಧಕ್ಕೆ ಸೂಜಿ ಸಾಕು ಎಂಬುದು ನನ್ನ ಲೆಕ್ಕ. ಹಿರಿಯರು ಊರಿಗೆ ಜಡ್ಡು ಬಂದಾಗ ಗಡಿಯಲ್ಲಿ ಸುಮ್ಮನೆ ಕುಣಿಯುತ್ತಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಲೆಕ್ಕ ಸರಿಯಿತ್ತು, ದಿನ ತಪ್ಪಿತ್ತು. ಆ ವಾರ ಬೇಡವೆಂದು ತಂಗಿ ಹೇಳಿಕಳಿಸಿದ್ದಳು. ರೇಷ್ಮೆಹುಳ ಹಣ್ಣಾಗುವುದು ಕುಣಿತ ಮುಗಿದು ಎರಡು ದಿನಕ್ಕೆಂದು ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಬಿಸಿಲು ಜೋರಾಗಿ ಹುಳ ಎರಡು ದಿನ ಮೊದಲೇ ಹಣ್ಣಾಗಿತ್ತು. ಊರಿನವರೆಲ್ಲ ಒಂದೇ ದಿನ ಮೊಟ್ಟೆ ತಂದಿದ್ದರಿಂದ ಮನೆಮನೆಯಲ್ಲೂ ಅದೇ ಗತಿ. ಮೈ ಹೊನ್ನಾಗಿ ತಲೆಯೆತ್ತಿದ ಹುಳವನ್ನು ಆಗಿಂದಾಗ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ ನೂಲು ಕಕ್ಕಿ ಬೆಳೆ ಕೆಟ್ಟಿತೆಂದೇ ಅರ್ಥ. ರಾಜ ರಾಣಿ ಕುದುರೆ ಕಟ್ಟಿಕೊಂಡು ಕುಣಿದದ್ದು ಎರಡು ನಾಯಿ, ಒಬ್ಬ ಕಿವುಡು ಅಜ್ಜನ ಮುಂದೆ. ಅದೇ ದಿನಕ್ಕೆ ನಾನು ಬರಹೇಳಿದ್ದ ದಾಕಿನವರು ಹೊಂಗೆಮರದಡಿ ಪೆಟ್ಟಿಗೆ ತೆರೆದು ಆಕಳಿಸುತ್ತಿದ್ದರು. ನಾಲ್ಕು ಗಂಟೆಯ ಬಸ್ಸಿಗೆ ಅವರು ಹೋಗಲೇಬೇಕು.

ತಂಗಿಯ ಬಾಗಿಲಿಗೆ ಹೋಗಿ ಕೂಗಿದೆ. ಒಳಗಿಂದಲೇ ಅಂದಳು: "ಅಣ್ಣಾ, ರಾಣಿಯಲ್ಲ, ಇಂದ್ರನೇ ಬಂದು ಕುಣಿದ್ರೂ ಇವತ್ತು ಈಚೆ ಬರಕ್ಕಾಗಲ್ಲ. ಬೇಡ ಅಂತ ಹೇಳ್ಕಳ್ಸಿರಲಿಲ್ವಾ?"

ಗಂಗಮ್ಮ ಕುದುರೆ ಬಿಚ್ಚಿ ಜಗುಲಿಗೊರಗಿಸಿದಳು. "ಯಜಮಾನ್ರೇ, ನೋಡೋ ಕಣ್ಣೆಲ್ಲ ಹುಳದ ಮೇಲವೆ. ಬೀದೀಲಿ ಯಾರಿಗೆ ಕುಣೀಲಿ? ನಾನೂ ಹುಳ ಸಾಕ್ದೋಳೇ. ಎರಡು ಕೊಡ ನೀರು ಕೊಡ್ಸಿ."

ಹುಳದ ಕೋಣೆಗೆ ಹೊರಗಿನವರನ್ನು ಸೇರಿಸುವುದಿಲ್ಲ, ನಿಮಗೂ ಗೊತ್ತು. ಆದರೂ ಬಣ್ಣ ತೊಳೆದು ಮಿಂದು ತಂಗಿಯ ಹಳೆ ಸೀರೆಯುಟ್ಟು ನಿಂತ ಆ ಹೆಂಗಸನ್ನು ಮುನಿಯಮ್ಮ ಮೇಲಿಂದ ಕೆಳಗೆ ನೋಡಿ ಒಳಗೆ ಬಿಟ್ಟಳು. ಗಂಗಮ್ಮ ಹುಳ ಆರಿಸಲು ಕೂತಳು, ತಂಗಿ ಕೂಸನ್ನೆತ್ತಿಕೊಂಡು ಮರದಡಿಗೆ ಓಡಿದಳು. ದಾಕು ಬಿತ್ತು. ಅವಳು ಹಿಂದಿರುಗಿದ ಮೇಲೆ ಗಂಗಮ್ಮ ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ. ಅಳುವ ಮಕ್ಕಳ ಮುಂದೆ ವೆಂಕಟಪ್ಪ ಒಂಟಿ ರಾಜನಾಗಿ ಕುದುರೆಯನ್ನು ಕುಂಟಿಸಿ ನಗಿಸಿದ. ಅರವತ್ತು ಸೇರಿನ ಆಟ ಅದು. ನಾನು ಕೊಟ್ಟಿದ್ದು ನಲವತ್ತು.

ಕೊನೆಗೆ ಉಳಿದದ್ದು ಅಕ್ಕಯ್ಯಮ್ಮನ ಮನೆ. ಗಂಡ ಊರಲ್ಲಿಲ್ಲ, ಒಂಟಿ ಕೈ, ಎರಡು ವರ್ಷದ ಮಗಳು. ಗಂಗಮ್ಮ ಇನ್ನೊಂದು ಮನೆಯಲ್ಲಿದ್ದಳು, ಬಸ್ಸಿಗೆ ಹೊತ್ತಾಗಿತ್ತು. ನಾನೇ ಆರಿಸುತ್ತೇನೆ, ನೀನು ಹೋಗಿ ಬಾ ಎಂದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡಪ್ಪ, ನಿನ್ನ ಕೈ ನಶ್ಯ ನಾರ್ತದೆ. ಬೆಳೆಯೆಲ್ಲ ಹೋಗ್ತದೆ."

ನಿಜವೇ. ಹೊಗೆಸೊಪ್ಪಿನ ಸೋಂಕಿಗೆ ಹುಳ ಸಾಯುತ್ತದೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗುವನ್ನು ನಾನೇ ಎತ್ತಿಕೊಂಡು ಹೋಗುತ್ತೇನೆಂದರೆ, ತಾಯಿ ಜೊತೆಗಿಲ್ಲದೆ ಸೂಜಿಗೆ ಕೊಡಲಾರೆನೆಂದಳು. ಬಸ್ಸು ಹೊರಟಿತು. ಹದಿನೈದು ದಿನದೊಳಗೆ ಆ ಬಾಗಿಲಿಗೆ ಸಿಡುಬಿನ ಗುರುತಿಗೆ ಬೇವಿನಸೊಪ್ಪು ಕಟ್ಟಿದರು. ಮಗು ಉಳಿಯಿತು, ಕಣ್ಣು ಉಳಿಯಲಿಲ್ಲ. ಈಗ ಅವಳು ಬೆಳೆದಿದ್ದಾಳೆ. ನನ್ನ ಹೆಜ್ಜೆಯ ಸಪ್ಪಳ ಗುರುತು ಹಿಡಿದು ಮಾವಾ ಎಂದು ಕರೆಯುತ್ತಾಳೆ. ಆ ದನಿ ಕೇಳಿದ ದಿನವೆಲ್ಲ ನನಗೆ ಯಾವ ವ್ಯಾಪಾರವೂ ಬೇಡವೆನಿಸುತ್ತದೆ.

ನೀವು ನಾಲ್ಕು ಜನಕ್ಕೆ ಒಳ್ಳೆಯದಾಗಲೆಂದು ಆಟವನ್ನೋ ಪದವನ್ನೋ ಏರ್ಪಡಿಸುವವರಾದರೆ ಮೊದಲು ಹೆಂಗಸರನ್ನು ಕೇಳಿ, ಯಾವ ದಿನ ಕೈ ಬಿಡುವು ಎಂದು. ಅವರು ಹೇಳಿದ ದಿನಕ್ಕೆ ಆಟದವರು ಕೇಳಿದಷ್ಟನ್ನೂ ಅಳೆದುಕೊಡಿ. ಬಿಡುವೇ ಇಲ್ಲವೆಂದರೆ ಅವರ ಕೆಲಸಕ್ಕೆ ಕೂರುವ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನಶ್ಯ ಹಾಕದವರನ್ನು ನೋಡಿಕೊಂಡು ಕರೆಯಿರಿ.