ಹಕೀಮ ಖಾನನಿಲ್ಲದ ಹಲ್ದಿಘಾಟಿ

ಬಾಲ್ಯದ ದಿನಗಳನ್ನು ನೆನೆದರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಈ ಪರದೇಶದ ಬಾಥೆಲ್ ಎಂಬ ಊರಿನಲ್ಲಿ ಕಳೆದ ಆ ಒಂದು ಮಳೆಗಾಲವನ್ನು ನೆನೆದರೆ ನನಗೆ ಇಂದಿಗೂ ಸಿಟ್ಟೇ ಬರುತ್ತದೆ.

ನನಗಾಗ ಹನ್ನೊಂದು ವರ್ಷ. ನಾವು ಬಾಗಲಕೋಟೆಯವರು. ನನ್ನ ಗೆಳತಿ ನಾಜಿಯಾಳ ಮನೆಯವರು ವಿಜಯಪುರದವರು, ಇಲ್ಲಿ ನಮ್ಮ ಬೀದಿಯಲ್ಲೇ ಇದ್ದರು. ವಾರಕ್ಕೊಮ್ಮೆ ಇಬ್ಬರೂ ಕನ್ನಡ ಶಾಲೆಗೆ ಹೋಗುತ್ತಿದ್ದೆವು. ಅದನ್ನು ನಡೆಸುತ್ತಿದ್ದ ಸುಧೀಂದ್ರ ಅಂಕಲ್ ಆ ವರ್ಷದ ವಾರ್ಷಿಕೋತ್ಸವಕ್ಕೆ ಮಹಾರಾಣಾ ಪ್ರತಾಪನ ನಾಟಕ ಬರೆದುಕೊಡಲು ಅವ್ವನನ್ನು ಕೇಳಿದರು. ಅವ್ವ ಊರಲ್ಲಿ ಒಂಬತ್ತು ವರ್ಷ ಇತಿಹಾಸ ಕಲಿಸಿದವಳು. ಇಲ್ಲಿ ಅವಳ ವೀಸಾದ ಮೇಲೆ ಕೆಲಸ ಮಾಡುವಂತಿರಲಿಲ್ಲ. ಮೂರೇ ದಿನಕ್ಕೆ ನಾಟಕ ಬರೆದು ಮುಗಿಸಿದಳು.

ತಾಲೀಮು ನಮ್ಮ ಗ್ಯಾರೇಜಿನಲ್ಲಿ. ಒದ್ದೆ ಜಾಕೆಟ್ಟುಗಳ ವಾಸನೆ, ಅವ್ವ ಚುರುಮುರಿಯಲ್ಲಿ ಕಲಸಿದ ಗಿರಮಿಟ್ಟಿನ ಹಸಿ ಈರುಳ್ಳಿಯ ಘಾಟು. ರಟ್ಟಿನ ಕತ್ತಿಗಳಿಗೆ ಅಡುಗೆಮನೆಯ ಫಾಯಿಲ್ ಸುತ್ತಿದ್ದೆವು. ನಾನು ಪ್ರತಾಪ, ನಾಜಿಯಾ ಹಕೀಮ ಖಾನ್ ಸೂರ್.

"ಹಲ್ದಿಘಾಟಿಯೊಳಗ ಪ್ರತಾಪನ ದಂಡಿನ ಮುಂದ ನಿಂತಾಂವ ಈ ಪಠಾಣ ಹಕೀಮ ಖಾನ," ಅವ್ವ ಹೇಳುತ್ತಿದ್ದಳು. "ಅಕ್ಬರನ ದಂಡು ನಡಿಸ್ಕೊಂಡು ಬಂದಾಂವ ಒಬ್ಬ ರಜಪೂತ ರಾಜಾ. ತಿಳೀತಿಲ್ಲೊ?"

"ಪ್ರತಾಪ ಗೆದ್ದನೇನ್ರೀ ಆಂಟಿ?" ನಾಜಿಯಾ ಕೇಳಿದಳು.

"ಅವತ್ತು ಗೆಲ್ಲಲಿಲ್ಲ. ಆದ್ರ ತಲೀ ಬಾಗಸಲಿಲ್ಲ. ಗುಡ್ಡದಾಗ ಭಿಲ್ಲರ ಜೋಡಿ ಇದ್ದು, ವರ್ಷಗಟ್ಟಲೆ ಕಾದಾಡಿ, ಚಿತ್ತೋಡ ಒಂದ್ ಬಿಟ್ಟು ಭಾಳಷ್ಟು ರಾಜ್ಯ ತಿರುಗಿ ತಗೊಂಡ."

ನಾಟಕಕ್ಕೆ ಹತ್ತು ದಿನ ಇರುವಾಗ ಸುಧೀಂದ್ರ ಅಂಕಲ್ ತಾಲೀಮು ನೋಡಲು ಬಂದರು. ನೋಡಿ ಮುಗಿಸಿ, "ಮೇಡಂ, ಈ ಹಕೀಮ್ ಖಾನ್ ರೋಲ್ ತೆಗೆದುಬಿಡಿ. ಮಕ್ಕಳು ಕನ್‌ಫ್ಯೂಸ್ ಆಗ್ತಾರೆ. ನಾಜಿಯಾನ ಅಕ್ಬರನ ಕಡೆ ನಿಲ್ಲಿಸೋಣ, ಅಲ್ಲಿ ಜನ ಕಮ್ಮಿ ಇದಾರೆ," ಎಂದರು. ನಾಜಿಯಾ ಅವರ ಎದುರಿಗೇ ನಿಂತಿದ್ದಳು.

ಅವ್ವನ ಮುಖ ಕೆಂಪಾಯಿತು. "ಕನ್‌ಫ್ಯೂಸ್ ಆಗಿದ್ದು ನಿಮಗ್ರೀ, ಮಕ್ಕಳಿಗಲ್ಲ. ಪ್ರತಾಪನ ಸಲುವಾಗಿ ಜೀವಾ ಕೊಟ್ಟಾಂವನ್ನ ತಗದು ಪ್ರತಾಪನ ನಾಟಕಾ ಹ್ಯಾಂಗ ಮಾಡ್ತೀರಿ?"

"ಕಮಿಟಿ ಡಿಸೈಡ್ ಮಾಡಿದೆ ಮೇಡಂ," ಅಂಕಲ್ ನಕ್ಕರು.

ನಾಜಿಯಾ ಶಿರಸ್ತ್ರಾಣ ತೆಗೆದು ವಾಷಿಂಗ್ ಮೆಷಿನ್ ಮೇಲಿಟ್ಟಳು. "ನಾ ಹೊಕ್ಕೀನ್ರೀ ಆಂಟಿ," ಎಂದವಳೇ ಮಳೆಯಲ್ಲಿ ನಡೆದುಬಿಟ್ಟಳು. ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಅಪ್ಪನ ಮುಖ ನೋಡಿದೆ. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಅಂಕಲ್ ಅಪ್ಪನಿಗೆ ಮ್ಯಾನೇಜರ್. "ಹೋಗ್ಲಿ ಬಿಡು, ಒಂದು ನಾಟಕಕ್ಕ ಯಾಕ ಇಷ್ಟು?" ಎಂದು ಅಪ್ಪ ಅವ್ವನಿಗೇ ಸಮಾಧಾನ ಹೇಳಿದ.

ಅವ್ವ ನಾಟಕ ಕಲಿಸುವುದನ್ನು ಅಲ್ಲಿಗೇ ಕೈಬಿಟ್ಟಳು. ಅಂಕಲ್ ಬಳಿ ನಾಟಕದ ಪ್ರತಿಯಿತ್ತು. ಹಕೀಮ ಖಾನನ ಮಾತುಗಳನ್ನೆಲ್ಲ ಹೊಡೆದುಹಾಕಿ ಅದನ್ನೇ ಆಡಿಸಿದರು. ಪ್ರತಾಪನ ಪಾತ್ರ ಬಿಡೆಂದು ಅವ್ವ ನನಗೆ ಹೇಳಲಿಲ್ಲ. "ನಿನ್ನ ಮನಸ್ಸಿಗೆ ಬಂದಂಗ ಮಾಡು," ಎಂದಳು, ಅಷ್ಟೇ. ನನಗೆ ಕಿರೀಟದ ಆಸೆ. ಮಾಡಿದೆ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಸೋತ ಯುದ್ಧದಲ್ಲೂ ತಲೆಬಾಗದ ರಾಜನ ವೇಷ ತೊಟ್ಟು, ತಲೆಬಾಗಿಸಿ ನಿಂತು ಹಾರ ಹಾಕಿಸಿಕೊಂಡೆ.

ಅಂಕಲ್ ಮೇಲೆ, ಅಪ್ಪನ ಮೇಲೆ ಸಿಟ್ಟಿದೆ. ಕಿರೀಟಕ್ಕೆ ಆಸೆಪಟ್ಟ ಹನ್ನೊಂದು ವರ್ಷದ ಆ ಹುಡುಗಿಯನ್ನಂತೂ ಇನ್ನೂ ಕ್ಷಮಿಸಿಲ್ಲ. ಬೇಸಿಗೆಯ ಹೊತ್ತಿಗೆ ನಾಜಿಯಾಳ ಮನೆಯವರು ಅವಳ ಅಪ್ಪನ ಕೆಲಸವಿದ್ದ ಕೆಂಟ್‌ಗೆ ಮನೆ ಬದಲಿಸಿದರು. ಅವ್ವ ಮತ್ತೆ ಒಂದು ಸಾಲೂ ಬರೆಯಲಿಲ್ಲ.

ಹೋದ ವರ್ಷ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ರೈಲು ನಿಲ್ದಾಣದಲ್ಲಿ ನಾಜಿಯಾ ಸಿಕ್ಕಳು. ನಾನು ತಡವರಿಸುತ್ತ, "ಆ ನಾಟಕದ್ದು... ನನ್ನದು ತಪ್ಪಾತು," ಎಂದೆ.

"ಅಯ್ಯೋ, ನಾವಾಗ ಸಣ್ಣವ್ರು. ಅದೆಲ್ಲಾ ಈಗ್ಯಾಕ?" ನಗುತ್ತ ಹೇಳಿ, ಕೈಕುಲುಕಿ, ಬಂದ ರೈಲು ಹತ್ತಿ ಹೋದಳು.

ಅವಳು ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು. ಹಿಂದೆ, ಕೇಳದೆ ತನ್ನ ಸೈಕಲ್ ಮುಟ್ಟಿದೆನೆಂದು ನನ್ನ ಜುಟ್ಟು ಹಿಡಿದೆಳೆದು, ಎರಡು ದಿನ ಠೂ ಬಿಟ್ಟವಳು ಅವಳು. ಜಗಳವಾಡುವಷ್ಟು ಹತ್ತಿರದವಳಾಗಿ ಈಗ ನಾನು ಅವಳಿಗೆ ಉಳಿದಿಲ್ಲ.