ಮೈರಾನನ ಅದಲುಬದಲು
ವಿನಿಪೆಗ್‌ನ ಮಾಂಸದ ಶೈತ್ಯಾಗಾರದಲ್ಲಿ ಪೆಟ್ಟಿಗೆ ಹೊರುವ ನಾನು, ಬೆಚ್ಚಗಿನ ಪ್ಯಾಕಿಂಗ್ ವಿಭಾಗಕ್ಕೆ ವರ್ಗ ಸಿಗಲೆಂದು ಮೇಸ್ತ್ರಿ ಮೈರಾನನ ಐಸ್ ಹಾಕಿ ಆಟದ ಭಾಷಣಕ್ಕೆ ದಿನವೂ ತಲೆಯಾಡಿಸುವ ಹೇಡಿ. ಪರವೂರಿನ ತಂಡವೊಂದು ಬೆಂಚಿನಲ್ಲೇ ಕೂರಿಸಿದ್ದಕ್ಕೆ ಮುನಿಸಿಕೊಂಡಿರುವ, ಮುಂದೆ ಮಿಂಚಲಿರುವ ಹತ್ತೊಂಬತ್ತರ ಆಟಗಾರನನ್ನು ಅವನು ಪ್ರತಿ ಊಟದ ಬಿಡುವಿನಲ್ಲೂ ಬರೀ ಬಾಯಿಮಾತಿನಲ್ಲೇ ನಮ್ಮೂರ ತಂಡಕ್ಕೆ ತರಿಸುತ್ತಾನೆ. ಬದಲಿಗೆ ಕೊಡುವುದು ಮೊಣಕಾಲು ಹೋದ ಡಿಫೆಂಡರು, ಇಲ್ಲವೇ ಕಣ್ಣು ಮಂಜಾದ ಗೋಲ್‌ಕೀಪರು. “ಹಾಗೆ ಕೊಡೋಕೆ ಆ ತಂಡದವರೇನು ದಡ್ಡರಾ?” ಎಂದು ಲಾರಿ ಓಡಿಸುವ ಡ್ಯಾರೆಲ್ ಕೆಣಕಿದರೆ, “ಮುನಿಸ್ಕೊಂಡ ಹುಡುಗನ್ನ ಇಟ್ಕೊಂಡು ಉಪ್ಪಿನಕಾಯಿ ಹಾಕ್ತಾರೇನೋ? ಬಿಟ್ಟುಬಿಡ್ಬೇಕಪ್ಪ!” ಎಂದು ಪೆರೋಗಿ ಕಡುಬು ಅಗಿಯುತ್ತಲೇ ಗುಡುಗುತ್ತಾನೆ. ನಿನ್ನೆ ಆ ಮಾತನ್ನೇ ಹಿಡಿದು ನನ್ನ ವರ್ಗದ ವಿಷಯ ಕೇಳಿದೆ. “ನಿನ್ನ ಬದಲಿಗೆ ಗಟ್ಟಿಮುಟ್ಟಾದ ಇಬ್ಬರನ್ನ ಕೊಡ್ತೀವಿ ಅಂದ್ರು ಕಣೋ ಪ್ಯಾಕಿಂಗಿನವರು,” ಎಂದ ಮೈರಾನ್, ನನ್ನ ಮುಖ ನೋಡದೆ ಸೇರಿಸಿದ: “ಸಾಲಲ್ಲ ಹೋಗ್ರಯ್ಯ ಅಂದೆ.”